ಕೆನಡಾದ ಒಂಟಾರಿಯೊದಲ್ಲಿ ಮೊದಲ ಚಳಿಗಾಲ: ಕಾರು ಓಡಿಸುವ ಹೊಸಬರಿಗೆ

ರಾಜ್ಯೋತ್ಸವದ ಊಟದ ಸಾಲಿನಲ್ಲಿ ಪ್ರತಿವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ: "ಸರ್, ವಿಂಟರ್ ಟೈರ್ ನಿಜವಾಗ್ಲೂ ಬೇಕಾ? ಆಲ್-ಸೀಸನ್ ಇದೆಯಲ್ಲ, ಸಾಲಲ್ವಾ?" ಸಾಲಲ್ಲ. ನಮ್ಮ ಕಡೆ ಕಾನೂನು ಕಡ್ಡಾಯ ಮಾಡಿಲ್ಲ, ನಿಜ. ಪಕ್ಕದ ಕ್ವಿಬೆಕ್ ಪ್ರಾಂತ್ಯದಲ್ಲಿ ನೋಂದಣಿಯಾದ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ. ಇಲ್ಲಿ ಆ ತೀರ್ಮಾನ ನಿಮಗೇ ಬಿಟ್ಟಿದ್ದಾರೆ, ಅಷ್ಟೇ.

ಕಾರಣ ಸರಳ. ಊರಲ್ಲಿ ಡಿಸೆಂಬರ್ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಕೂರುತ್ತಿತ್ತಲ್ಲ, ಸಾಮಾನ್ಯ ಟೈರಿನ ರಬ್ಬರ್ ಕತೆಯೂ ಹೆಚ್ಚುಕಡಿಮೆ ಅದೇ. 7 ಡಿಗ್ರಿಗಿಂತ ಕೆಳಗೆ ಹೋದಂತೆ ಅದು ಬಿರುಸಾಗಿ ರಸ್ತೆಯ ಹಿಡಿತ ಬಿಡುತ್ತದೆ. ವಿಂಟರ್ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆತ್ತಗೇ ಇರುತ್ತದೆ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ನೋಡಿ. ಹಳೆಯ ಕಾರಿನ ಜೊತೆ ಬಂದ ವಿಂಟರ್ ಟೈರಾದರೆ ಅದರ ಮೇಲಿನ ತೋಡುಗಳು ಎಷ್ಟು ಆಳ ಉಳಿದಿವೆ ಎಂದು ಅಳೆಸಿ. 4 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಸ್ನೋಗೆ ಆಗುವುದಿಲ್ಲ. ದುಡ್ಡು ಉಳಿಸಲು ಮುಂದಿನ ಎರಡಕ್ಕೆ ಮಾತ್ರ ಹಾಕಿಸುವವರಿದ್ದಾರೆ. ತಿರುವಿನಲ್ಲಿ ಹಿಂಭಾಗ ಕೊಸರಿಕೊಂಡು ಮುಂದಕ್ಕೆ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ. ಹಾಕಿಸಿದರೆ ನಾಲ್ಕೂ ಹಾಕಿಸಿ. ಬೇರೆ ರಿಮ್ ಸಮೇತ ಕೊಂಡರೆ ಪ್ರತಿ ಸಲ ಬದಲಾಯಿಸುವ ಕೂಲಿ ಕಡಿಮೆ. ಬದಲಾಯಿಸಿ ನೂರು ಕಿಲೋಮೀಟರ್ ಓಡುವುದರೊಳಗೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಿ ನೋಡಿಸಿ. 2016ರಿಂದ ಒಂಟಾರಿಯೊದ ವಿಮಾ ಕಂಪನಿಗಳು ವಿಂಟರ್ ಟೈರಿಗೆ ರಿಯಾಯಿತಿ ಕೊಡಲೇಬೇಕು. ಆದರೆ ಕೇಳದೆ ಕೂತರೆ ಯಾರೂ ನೆನಪಿಸುವುದಿಲ್ಲ. ಫೋನ್ ಮಾಡಿ ಹೇಳಿ. ಮೊದಲ ಸ್ನೋ ಬಿದ್ದ ಮರುದಿನ ಟೈರ್ ಅಂಗಡಿಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಆದ್ದರಿಂದ ರಾಜ್ಯೋತ್ಸವದ ಹೊತ್ತಿಗೆ ಕೆಲಸ ಮುಗಿಸಿಬಿಡಿ.

ಬ್ಯಾಟರಿ ನಾಲ್ಕೈದು ವರ್ಷ ಹಳೆಯದಾಗಿದ್ದರೆ ಅಕ್ಟೋಬರಿನಲ್ಲೇ ಪರೀಕ್ಷೆ ಮಾಡಿಸಿ. ಮೈನಸ್ ಇಪ್ಪತ್ತರ ಬೆಳಗ್ಗೆ ಅದು ಕೈಕೊಡುವುದು ನೀವು ಕೆಲಸಕ್ಕೆ ಹೊರಟಾಗಲೇ. ಬೇಸಿಗೆಯಲ್ಲಿ ವಾಷರ್ ಟ್ಯಾಂಕಿಗೆ ನಲ್ಲಿ ನೀರು ತುಂಬಿಸಿದ್ದರೆ ಖಾಲಿ ಮಾಡಿ, ಮೈನಸ್ 40 ಎಂದು ಬರೆದಿರುವ ದ್ರವ ಹಾಕಿ. 401 ಹೆದ್ದಾರಿಯಲ್ಲಿ ಮುಂದಿನ ಟ್ರಕ್ಕು ಉಪ್ಪಿನ ರಾಡಿ ಎರಚಿದರೆ ಗಾಜು ಕ್ಷಣದಲ್ಲಿ ಬೆಳ್ಳಗಾಗುತ್ತದೆ. ಆಗ ವಾಷರ್ ಬರದಿದ್ದರೆ ಕಣ್ಣು ಕಟ್ಟಿ ಓಡಿಸಿದ ಹಾಗೆ. ಚಳಿ ಐದಾರು ಡಿಗ್ರಿ ಹೆಚ್ಚಿದಾಗೆಲ್ಲ ಟೈರಿನ ಗಾಳಿ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ, ತಿಂಗಳಿಗೊಮ್ಮೆ ನೋಡಿ.

ಬೆಳಗ್ಗೆ ಹೊರಡುವಾಗ ಹತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳಿ. ಗಾಜಿನಲ್ಲಿ ಕಿಂಡಿಯಷ್ಟು ಕೆರೆದುಕೊಂಡು ಹೊರಡುವವರನ್ನು ನೋಡುತ್ತೀರಿ. ಹಾಗೆ ಹೊರಟರೆ ಪೊಲೀಸರು ಟಿಕೆಟ್ ಕೊಡಬಹುದು. ಚಾವಣಿಯ ಸ್ನೋ ಕೂಡ ತೆಗೆಯಿರಿ, ಬ್ರೇಕ್ ಹಾಕಿದಾಗ ಅದಷ್ಟೂ ಜಾರಿ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಬಿಸಿನೀರು ಮಾತ್ರ ಸುರಿಯಬೇಡಿ. ನಮ್ಮಲ್ಲಿ ಕನಿಷ್ಠ ಮೂರು ಮನೆಯವರು ಹಾಗೆ ಗಾಜು ಸೀಳಿಸಿಕೊಂಡಿದ್ದಾರೆ. ಅವರಲ್ಲೊಬ್ಬ ನಾನು. ಒಳಗಡೆ ಗಾಜು ಮಂಜಾದರೆ ಹೀಟರ್ ಜೊತೆ ಎಸಿ ಕೂಡ ಹಾಕಿ. ಚಳಿಯಲ್ಲಿ ಎಸಿಯೇ ಎಂದು ನಗಬೇಡಿ, ಅದು ಒಳಗಿನ ತೇವ ಹೀರುತ್ತದೆ. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಒಳಗೆ ಎಂಜಿನ್ ಓಡಿಸಿ ಬಿಡಬೇಡಿ.

ಇನ್ನು ಮಕ್ಕಳ ವಿಷಯ. ಉಬ್ಬಿದ ಸ್ನೋ ಜಾಕೆಟ್ ಹಾಕಿಸಿಯೇ ಕಾರ್ ಸೀಟಿನಲ್ಲಿ ಕೂರಿಸುತ್ತೇವೆ, ಮಗು ಬೆಚ್ಚಗಿರಲಿ ಅಂತ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಜಾಕೆಟ್ ಹಾಕಿಸಿ ಪಟ್ಟಿ ಬಿಗಿಸಿ. ಪಟ್ಟಿಯ ಉದ್ದ ಬದಲಾಯಿಸದೆ ಬಿಚ್ಚಿ, ಜಾಕೆಟ್ ತೆಗೆದು ಮತ್ತೆ ಹಾಕಿ. ಭುಜದ ಹತ್ತಿರ ಎಷ್ಟು ಸಡಿಲವಿದೆ ನೋಡಿ: ನಿಮ್ಮ ಅಂಗೈಯೇ ತೂರಿದರೂ ಆಶ್ಚರ್ಯವಿಲ್ಲ. ಅಪಘಾತದಲ್ಲಿ ಜಾಕೆಟ್ಟಿನೊಳಗಿನ ಗಾಳಿ ಚಪ್ಪಟೆಯಾಗಿ ಮಗು ಪಟ್ಟಿಯಿಂದಲೇ ಹೊರಗೆ ಚಿಮ್ಮಬಹುದು. ತೆಳು ಸ್ವೆಟರ್ ಹಾಕಿಸಿ, ಪಟ್ಟಿ ಬಿಗಿಸಿ, ಮೇಲೆ ಕಂಬಳಿ ಹೊದಿಸಿ. ಅಜ್ಜಿ ಊರಿಂದ ಬಂದಿದ್ದರೆ "ಮಗುಗೆ ಥಂಡಿ ಆಗುತ್ತೆ" ಎಂದು ಜಗಳ ಆಡುತ್ತಾರೆ. ಅವರಿಗೂ ಈ ಪರೀಕ್ಷೆ ತೋರಿಸಿ.

ಓಡಿಸುವ ವಿಷಯಕ್ಕೆ ಬಂದರೆ, ಮಳೆಗಾಲದ ಶಿರಾಡಿ ಘಾಟಿಯಲ್ಲಿ ಓಡಿಸಿದವರಿಗೇ ಇಲ್ಲಿ ಹೆಚ್ಚು ಧೈರ್ಯ, ಅದೇ ತೊಂದರೆ. ನನ್ನ ಮೊದಲ ಜನವರಿ. ಬ್ರಾಂಪ್ಟನ್ನಿನ ನಮ್ಮದೇ ಬೀದಿ, ವೇಗ ಇಪ್ಪತ್ತೂ ಇರಲಿಲ್ಲ. ಸ್ಟಾಪ್ ಸೈನ್ ಕಂಡು ಎಂದಿನ ಜಾಗದಲ್ಲೇ ಬ್ರೇಕ್ ಒತ್ತಿದೆ. ಕಾಲ ಕೆಳಗೆ ಪೆಡಲ್ ಗಡಗಡ ನಡುಗಿತು, ಏನೋ ಮುರಿಯಿತೆಂದು ಹೆದರಿ ಕಾಲು ತೆಗೆದುಬಿಟ್ಟೆ. ಕಾರು ಬಸವನಹುಳದಂತೆ ಸಾವಕಾಶವಾಗಿ ಜಾರುತ್ತಾ ಸ್ಟಾಪ್ ಸೈನ್ ದಾಟಿ, ಎದುರಿನ ಕಲ್ಲಂಚಿಗೆ ಬಡಿದು ನಿಂತಿತು. ಅಡ್ಡ ಯಾರೂ ಬರಲಿಲ್ಲ, ಪುಣ್ಯ. ಆ ಗಡಗಡ ಎನ್ನುವುದು ಎಬಿಎಸ್, ಅಂದರೆ ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕ್ ವ್ಯವಸ್ಥೆ, ತನ್ನ ಕೆಲಸ ಮಾಡುವ ಸದ್ದು. ಕಾಲು ತೆಗೆಯಬೇಡಿ, ಗಟ್ಟಿಯಾಗಿ ಒತ್ತಿಕೊಂಡೇ ಇರಿ, ಎಲ್ಲಿಗೆ ಹೋಗಬೇಕೋ ಅತ್ತ ನೋಡಿ ಸ್ಟೀರಿಂಗ್ ತಿರುಗಿಸಿ. ಮೊದಲ ಸ್ನೋ ಬಿದ್ದಾಗ ಖಾಲಿ ಪಾರ್ಕಿಂಗ್ ಜಾಗದಲ್ಲಿ, ಅನುಮತಿ ಇದ್ದರೆ, ಬೇಕೆಂದೇ ಬ್ರೇಕ್ ಒತ್ತಿ ಆ ನಡುಕ ಕಾಲಿಗೆ ಪರಿಚಯ ಮಾಡಿಸಿ.

ಮುಂದಿನ ಕಾರಿನಿಂದ ಬೇಸಿಗೆಯಲ್ಲಿ ಬಿಡುವ ಅಂತರದ ಎರಡರಷ್ಟಾದರೂ ಬಿಡಿ. ಮಧ್ಯೆ ಯಾರಾದರೂ ನುಗ್ಗಿದರೆ ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ. ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಬೇಡ. ಸೇತುವೆಯ ಅಡಿಯಿಂದಲೂ ಗಾಳಿ ಬೀಸುವುದರಿಂದ ರಸ್ತೆಗಿಂತ ಮೊದಲು ಅದೇ ಹೆಪ್ಪುಗಟ್ಟುತ್ತದೆ. ಕ್ಯೂಇಡಬ್ಲ್ಯೂ ಹೆದ್ದಾರಿಯಲ್ಲಿ ಬರ್ಲಿಂಗ್ಟನ್ ಸ್ಕೈವೇ ಸೇತುವೆ ಹತ್ತುವ ಮೊದಲೇ ವೇಗ ಇಳಿಸಿ. ಬ್ಲ್ಯಾಕ್ ಐಸ್ ಎಂದರೆ ರಸ್ತೆಗಂಟಿದ ತೆಳು ಮಂಜುಗಡ್ಡೆ. ಅದು ಕಪ್ಪಗೆ ಇರುವುದಿಲ್ಲ, ಬರೀ ಒದ್ದೆ ರಸ್ತೆಯಂತೆ ಕಾಣುತ್ತದೆ. ಎದುರಿನ ಚಕ್ರಗಳಿಂದ ನೀರು ಹಾರುತ್ತಿಲ್ಲ, ಆದರೂ ರಸ್ತೆ ಮಿರುಗುತ್ತಿದೆ ಎಂದರೆ ಅನುಮಾನ ಪಡಿ. ನೀಲಿ ದೀಪ ಮಿನುಗಿಸುತ್ತಾ ರಸ್ತೆಯ ಸ್ನೋ ತಳ್ಳಿಕೊಂಡು ಹೋಗುವ ಟ್ರಕ್ಕು, ಸ್ನೋ ಪ್ಲೋ, ಕಂಡರೆ ಹಿಂದೆಯೇ ಇರಿ, ಹಿಂದಿಕ್ಕುವ ಪ್ರಯತ್ನವೇ ಬೇಡ.

ದೂರದ ಪ್ರಯಾಣಕ್ಕೆ ಮೊದಲು ರಸ್ತೆಗಳ ಸ್ಥಿತಿ ತಿಳಿಸುವ ಸರ್ಕಾರಿ ಜಾಲತಾಣ ಒಂಟಾರಿಯೊ 511 ನೋಡಿ. ಟೊರೊಂಟೊದಲ್ಲಿ ಬಿಸಿಲಿದ್ದರೂ 400 ಹೆದ್ದಾರಿಯಲ್ಲಿ ಬ್ಯಾರಿ ಊರು ದಾಟುವಷ್ಟರಲ್ಲಿ ಜಾರ್ಜಿಯನ್ ಕೊಲ್ಲಿಯಿಂದ ಎದ್ದ ಸ್ನೋ ಸ್ಕ್ವಾಲ್, ಅಂದರೆ ಹಠಾತ್ ಹಿಮಗಾಳಿ, ಎದುರಿಗಿನ ಕಾರನ್ನೂ ಕಾಣದಂತೆ ಮಾಡಬಹುದು. 2010ರ ಡಿಸೆಂಬರಿನಲ್ಲಿ ಸಾರ್ನಿಯಾ ಬಳಿ 402ರಲ್ಲಿ ನೂರಾರು ಜನ ಹೀಗೆ ಸಿಕ್ಕಿಬಿದ್ದು, ಸೇನೆಯ ಹೆಲಿಕಾಪ್ಟರ್‌ಗಳೇ ನೆರವಿಗೆ ಬರಬೇಕಾಯಿತು. ಹಾಗಾಗಿ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಸಬೇಡಿ. ಎಲೆಕ್ಟ್ರಿಕ್ ಕಾರಾದರೆ ಬೇಸಿಗೆಯ ಲೆಕ್ಕದಲ್ಲಿ ದೂರ ನಂಬಬೇಡಿ. ಡಿಕ್ಕಿಯಲ್ಲಿ ಸಲಿಕೆ, ಕಂಬಳಿ, ಟಾರ್ಚ್, ಜಂಪರ್ ಕೇಬಲ್, ಒಂದು ಚೀಲ ಮರಳು ಇರಲಿ. ಚಕ್ಕುಲಿ-ಕೋಡುಬಳೆ ಡಬ್ಬಿ ಮಾತ್ರ ಕೈಗೆಟಕುವಂತೆ ಒಳಗೇ ಇರಲಿ. ಸಿಕ್ಕಿಬಿದ್ದರೆ ಕಾರು ಬಿಟ್ಟು ನಡೆಯಬೇಡಿ. ಸೈಲೆನ್ಸರ್ ಬಾಯಿಗೆ ಸ್ನೋ ಮುಚ್ಚಿಲ್ಲ ಎಂದು ನೋಡಿಕೊಂಡು, ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಒಂದು ಕಿಟಕಿ ಚೂರು ಇಳಿಸಿಡಿ.

ಸಂಕ್ರಾಂತಿ ಕಾರ್ಯಕ್ರಮದ ದಿನ ಫ್ರೀಜಿಂಗ್ ರೇನ್ (ಬಿದ್ದಲ್ಲೇ ಹೆಪ್ಪುಗಟ್ಟುವ ಮಳೆ) ಎಚ್ಚರಿಕೆ ಇದ್ದರೆ ವಾಟ್ಸಾಪ್ ಗುಂಪಿನಲ್ಲಿ "ಬರಲಾಗಲ್ಲ" ಎಂದು ಹಾಕಿ, ಸಾಕು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಎಳ್ಳುಬೆಲ್ಲ ಎತ್ತಿಟ್ಟಿರುತ್ತೇವೆ.

ಯುಗಾದಿ ಬಂತೆಂದು ಟೈರ್ ಬಿಚ್ಚಿಸಲು ಓಡಬೇಡಿ, ಏಪ್ರಿಲ್ ಮಧ್ಯದವರೆಗೂ ಸ್ನೋ ಬಿದ್ದದ್ದಿದೆ. ಬಿಚ್ಚಿಸಿದಾಗ ಯಾವ ಟೈರ್ ಯಾವ ಮೂಲೆಯದೆಂದು ಚಾಕ್‌ನಲ್ಲಿ ಬರೆದಿಟ್ಟು, ಕಾರಿನ ಅಡಿಭಾಗದ ಉಪ್ಪು ತೊಳೆಸಿ.