ಸಫಾರಿ ಹೆಲಿಕಾಪ್ಟರಿಗೆ ಸ್ವಿಚ್ ಕೂರಿಸಿ ವೈರಿಂಗ್ ಮಾಡಿದ ಬಗೆ

ನಾನು ಕಟ್ಟಿದ್ದು ಸಫಾರಿ ಕಿಟ್: ಸ್ಟೀಲ್ ಪೈಪಿನ ಚೌಕಟ್ಟು, ಎರಡು ಮ್ಯಾಗ್ನೆಟೊ (ಬ್ಯಾಟರಿಯ ಹಂಗಿಲ್ಲದೆ ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವ ಸಾಧನ) ಇರುವ ಲೈಕಮಿಂಗ್ ಒ-360 ಎಂಜಿನ್, 12 ವೋಲ್ಟ್ ಬ್ಯಾಟರಿ. ಅಮೆರಿಕದಲ್ಲಿ ಇದು ಎಕ್ಸ್‌ಪೆರಿಮೆಂಟಲ್ ವರ್ಗಕ್ಕೆ ಸೇರುತ್ತದೆ. ವೈರಿಂಗ್ ಪೂರ್ತಿ ಕಟ್ಟುವವರ ಕೈಯಲ್ಲೇ ಇರುವುದರಿಂದ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎಯ ಎಸಿ 43.13-1ಬಿ ಕೈಪಿಡಿಯ 11ನೇ ಅಧ್ಯಾಯವನ್ನು ಬೆಂಚಿನ ಮೇಲೆ ತೆರೆದಿಟ್ಟುಕೊಂಡೇ ಕೆಲಸ ಮಾಡಿದೆ.

ಮೊದಲು ಜಾಗದ ವಿಚಾರ. ಹಾರುವಾಗ ಬಲಗೈ ಸೈಕ್ಲಿಕ್ (ಯಾವ ದಿಕ್ಕಿಗೆ ಹೋಗಬೇಕೆಂದು ವಾಲಿಸುವ ಕಡ್ಡಿ) ಬಿಡುವಂತಿಲ್ಲ. ಎಡಗೈಯನ್ನು ಮೇಲೇರಿಸಿ ಇಳಿಸುವ ಸನ್ನೆಯಾದ ಕಲೆಕ್ಟಿವ್‌ನ ಫ್ರಿಕ್ಷನ್ (ಅದು ಜಾರದಂತೆ ಹಿಡಿಯುವ ಬಿಗಿತ) ಬಿಗಿದು ಒಂದು ಕ್ಷಣ ತೆಗೆಯಬಹುದು, ಅದೂ ನೆಲದಿಂದ ಸಾಕಷ್ಟು ಮೇಲಿದ್ದಾಗ. ಹಾಗಾಗಿ ಪ್ಯಾನೆಲಿನ ಎಲ್ಲ ಸ್ವಿಚ್ಚುಗಳೂ ಎಡಗೈಗೆ ಎಟುಕುವ ಕಡೆ ಇವೆ. ರೇಡಿಯೊ ಬಟನ್ ಸೈಕ್ಲಿಕ್ ಹಿಡಿಯಲ್ಲಿ, ಸ್ಟಾರ್ಟರ್ ಮತ್ತು ಲ್ಯಾಂಡಿಂಗ್ ಲೈಟ್ ಕಲೆಕ್ಟಿವ್ ತುದಿಯಲ್ಲಿ. ಎರಡು ಮ್ಯಾಗ್ನೆಟೊ ಸ್ವಿಚ್ ಮತ್ತು ಬ್ಯಾಟರಿಯ ಕರೆಂಟನ್ನು ಪೂರ್ತಿ ಆನ್-ಆಫ್ ಮಾಡುವ ಮಾಸ್ಟರ್‌ಗೆ ಎಳೆದು ಎತ್ತಿದರೆ ಮಾತ್ರ ಜರುಗುವ ಲಾಕಿಂಗ್ ಟಾಗಲ್ (ಲಿವರ್ ಸ್ವಿಚ್) ಹಾಕಿದ್ದೇನೆ. ಅಂಗಿಯ ತೋಳು ತಾಗಿ ಎರಡೂ ಮ್ಯಾಗ್ನೆಟೊ ಆಫ್ ಆದರೆ ಎಂಜಿನ್ ನಿಂತು, ಮುಂದಿನದು ಆಟೊರೊಟೇಶನ್ನೇ (ಎಂಜಿನ್ ಇಲ್ಲದೆ ಗಾಳಿಗೆ ತಿರುಗುವ ರೋಟರಿನ ಬಲದಲ್ಲಿ ಇಳಿಯುವುದು). ಈ ಮೂರರಲ್ಲಿ ಹಣ ಉಳಿಸಬೇಡಿ.

ಪ್ಯಾನೆಲಿಗೆ 12 ಮಿ.ಮೀ. ರಂಧ್ರ ಕೊರೆದರಷ್ಟೇ ಸಾಲದು. ಸ್ವಿಚ್ ತಿರುಗದಂತೆ ತಡೆಯುವ ನಾಲಿಗೆ ವಾಷರಿಗೆ ಪಕ್ಕದಲ್ಲೇ ಇನ್ನೊಂದು ಸಣ್ಣ ತೂತು ಬೇಕು. ಆ ವಾಷರ್ ಬಿಟ್ಟರೆ ಕಂಪನಕ್ಕೆ ನಟ್ ಸಡಿಲವಾಗಿ ಸ್ವಿಚ್ಚಿನ ಒಡಲೇ ತಿರುಗುತ್ತದೆ, ಹಿಂದಿನ ಟರ್ಮಿನಲ್‌ಗಳು ಒಂದಕ್ಕೊಂದು ತಾಗುತ್ತವೆ.

ಕಂಪನವೇ ಇಲ್ಲಿ ಮುಖ್ಯ ಶತ್ರು. ಎರಡು ಅಲಗಿನ ರೋಟರ್ ನಿಮಿಷಕ್ಕೆ 500 ಸುತ್ತಿನ ಆಸುಪಾಸಿನಲ್ಲಿದ್ದರೆ ಸೆಕೆಂಡಿಗೆ ಸುಮಾರು 17 ಸಲ ಇಡೀ ಚೌಕಟ್ಟು ನಡುಗುತ್ತದೆ. ತಂತಿ ತುಂಡಾಗುವುದು ಹೆಚ್ಚಾಗಿ ಸ್ವಿಚ್ಚಿನ ಬೆನ್ನಿಗಿರುವ ಒಂದೆರಡು ಇಂಚಿನಲ್ಲೇ. ಬೆಸುಗೆ ಹಾಕಿದರೆ ಕರಗಿದ ಸೀಸ ಎಳೆಗಳ ನಡುವೆ ಮೇಲೇರಿ ಗಟ್ಟಿಯಾಗುತ್ತದೆ. ಆ ಗಟ್ಟಿ ಭಾಗ ಮುಗಿಯುವಲ್ಲಿ ತಂತಿ ಬಾಗಿ ಬಾಗಿ ಎಳೆ ಎಳೆಯಾಗಿ ಕತ್ತರಿಸಿಹೋಗುತ್ತದೆ, ಹೊರಗಿನ ಇನ್ಸುಲೇಶನ್ ಮಾತ್ರ ನೆಟ್ಟಗಿರುತ್ತದೆ. ಅದಕ್ಕಾಗಿ ವಿಮಾನಗಳಲ್ಲಿ ಬಳಸುವ ಮಿಲ್ 22759/16 ಟೆಫ್‌ಜೆಲ್ ವೈರ್ ಮತ್ತು ಇನ್ಸುಲೇಶನ್ನನ್ನೂ ಹಿಡಿದುಕೊಳ್ಳುವ ಎರಡು ಹಿಡಿತದ ಕ್ರಿಂಪ್ ಟರ್ಮಿನಲ್ (ಬೆಸುಗೆಯಿಲ್ಲದೆ ಒತ್ತಿ ಬಿಗಿಯುವ ತುದಿ) ಬಳಸಿದೆ. ಟರ್ಮಿನಲ್ಲಿನ ಬಣ್ಣ 22ರಿಂದ 18 ಗೇಜಿನ ವೈರಿಗೆ ಕೆಂಪು, 16-14ಕ್ಕೆ ನೀಲಿ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ವೈರ್ ತೆಳು). ಪೂರ್ತಿ ಒತ್ತುವವರೆಗೆ ಬಿಡದ ರ‍್ಯಾಚೆಟ್ ಇಕ್ಕಳವೇ ಬೇಕು. ಅದೇ ವೈರಿನ ತುಣುಕಿಗೆ ಮಾದರಿ ಕ್ರಿಂಪ್ ಹಾಕಿ ಭಾರ ತೂಗಿ: 22 ಗೇಜಿಗೆ 7 ಕಿಲೊ, 20ಕ್ಕೆ 9 ಕಿಲೊ ತಡೆಯಬೇಕು. ತಂತಿ ಜಾರಿ ಬಂದರೆ ಇಕ್ಕಳ ಸರಿಯಿಲ್ಲ. ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಬ್ರೇಕರ್ 22 ಗೇಜಿಗೆ 5 ಆಂಪ್, 20ಕ್ಕೆ 7.5, 18ಕ್ಕೆ 10.

ಸ್ವಿಚ್ಚಿನ ಮೇಲೆ ಅಚ್ಚಾದ ಆಂಪ್ ಸಂಖ್ಯೆಯನ್ನು ಹಾಗೇ ನಂಬಬೇಡಿ. ತಣ್ಣಗಿರುವ ಬಲ್ಬ್ ಹೊತ್ತುವ ಗಳಿಗೆಯಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. 12 ವೋಲ್ಟಿನಲ್ಲಿ ಫಿಲಮೆಂಟ್ ದೀಪಕ್ಕೆ 5 ಪಟ್ಟು, ಮೋಟಾರಿಗೂ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಕಾಯಿಲಿಗೂ 2 ಪಟ್ಟು ಲೆಕ್ಕ ಹಾಕಬೇಕೆಂದು ಆ ಕೈಪಿಡಿ ಹೇಳುತ್ತದೆ. 100 ವ್ಯಾಟಿನ ಲ್ಯಾಂಡಿಂಗ್ ಲೈಟ್ ಎಳೆಯುವುದು 8.3 ಆಂಪ್, ಐದರಿಂದ ಗುಣಿಸಿದರೆ 41 ದಾಟುತ್ತದೆ. 15 ಆಂಪಿನ ಸ್ವಿಚ್ ಒಳಗೊಳಗೇ ಬೆಸೆದುಕೊಂಡು ಆಫ್ ಆಗದೆ ನಿಲ್ಲಬಹುದು. ರಿಲೇ ಹಾಕಿ, ಇಲ್ಲವೇ ಎಲ್‌ಇಡಿಗೆ ಹೋಗಿ. ನಾನು ಎಲ್‌ಇಡಿ ಆರಿಸಿದೆ.

ಮ್ಯಾಗ್ನೆಟೊ ವೈರಿಂಗ್ ಉಳಿದದ್ದಕ್ಕೆ ತದ್ವಿರುದ್ಧ. ಸರ್ಕ್ಯೂಟ್ ಕೂಡಿದರೆ ಮ್ಯಾಗ್ನೆಟೊ ಆಫ್, ಬಿಚ್ಚಿದರೆ ಆನ್. ಸಾಮಾನ್ಯ ಟಾಗಲ್‌ನಲ್ಲಿ ಲಿವರ್ ಮೇಲಿದ್ದಾಗ ಕೂಡುವುದು ಮಧ್ಯದ ಮತ್ತು ಕೆಳಗಿನ ಟರ್ಮಿನಲ್. ಲಿವರ್ ಕೆಳಗಿಳಿದರೆ ಮಧ್ಯದ್ದು ಮತ್ತು ಮೇಲಿನದು. ಲಿವರ್ ಮೇಲೆ ಎಂದರೆ ಆನ್ ಎಂಬ ನಿಯಮ ಎಲ್ಲ ಸ್ವಿಚ್ಚಿಗೂ ಒಂದೇ ಇರಬೇಕಾದರೆ ದೀಪ, ಪಂಪು, ರೇಡಿಯೊಗಳಿಗೆ ಮಧ್ಯದ್ದು-ಕೆಳಗಿನದು, ಮ್ಯಾಗ್ನೆಟೊಗೆ ಮಧ್ಯದ್ದು-ಮೇಲಿನದು ಬಳಸಬೇಕು. ಮ್ಯಾಗ್ನೆಟೊ ವೈರ್ ಸುತ್ತ ಲೋಹದ ಹೆಣಿಗೆಯ ಶೀಲ್ಡ್ ಇರುವಂಥದ್ದೇ ಆಗಿರಲಿ. ಶೀಲ್ಡನ್ನು ಮ್ಯಾಗ್ನೆಟೊದ ಒಡಲಿಗೆ ಕಟ್ಟಿ, ಈ ತುದಿಯಲ್ಲಿ ಸ್ವಿಚ್ಚಿನ ಇನ್ನೊಂದು ಟರ್ಮಿನಲ್ಲಿಗೆ ಕೊಡಿ. ಪ್ಯಾನೆಲಿನ ಗ್ರೌಂಡಿಗೆ ಸೇರಿಸಿದರೆ ರೇಡಿಯೊದಲ್ಲಿ ಎಂಜಿನ್ನಿನ ಗರಗರ ಕೇಳುತ್ತದೆ.

ಮಾಸ್ಟರ್ ಸ್ವಿಚ್ ಹೊರುವುದು ಬ್ಯಾಟರಿ ಪಕ್ಕದ ಕಾಂಟ್ಯಾಕ್ಟರಿನ (ಭಾರಿ ಕರೆಂಟ್ ಹೊರುವ ದೊಡ್ಡ ರಿಲೇ) ಕಾಯಿಲಿನ ಕರೆಂಟನ್ನಷ್ಟೆ, ಸುಮಾರು 1 ಆಂಪ್. ಆ ಕಾಂಟ್ಯಾಕ್ಟರ್ ಸದಾ ಚಾಲೂ ಇರಲು ಮಾಡಿದ್ದಾಗಿರಬೇಕು. ನೋಡಲು ಹಾಗೇ ಇರುವ ಸ್ಟಾರ್ಟರ್ ಕಾಂಟ್ಯಾಕ್ಟರನ್ನು ಅಲ್ಲಿ ಹಾಕಿದರೆ ಕಾಯಿಲ್ ಸುಡುತ್ತದೆ. ಬ್ಯಾಟರಿ ಮತ್ತು ಸ್ಟಾರ್ಟರ್ ಎರಡೂ ಕಾಂಟ್ಯಾಕ್ಟರಿನ ಕಾಯಿಲಿಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದೊಂದು 1ಎನ್4007 ಡಯೋಡ್ ಅಡ್ಡ ಹಾಕಿ, ಪಟ್ಟೆ ಇರುವ ತುದಿ ಪಾಸಿಟಿವ್ ಕಡೆಗೆ. ಇಲ್ಲದಿದ್ದರೆ ಬಿಟ್ಟಾಗಲೆಲ್ಲ ಕಿಡಿ ಹಾರಿ ಸ್ಟಾರ್ಟರ್ ಬಟನ್ನಿನ ಒಳಗೆ ಗುಳಿ ಬೀಳುತ್ತದೆ. ಡಯೋಡ್ ತಿರುವು ಮುರುವಾದರೆ ನೇರ ಶಾರ್ಟ್.

ಗ್ರೌಂಡ್ ವೈರುಗಳೆಲ್ಲ ಒಂದೇ ಹಿತ್ತಾಳೆ ಪಟ್ಟಿಗೆ ಬಂದು ಸೇರಲಿ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುವುದರಿಂದ ಅದಕ್ಕೆ ದಪ್ಪ ಹೆಣೆದ ಪಟ್ಟಿ ಬೇರೆಯೇ ಬೇಕು. ಅದು ಸಡಿಲವಾದರೆ ಸ್ಟಾರ್ಟರಿನ ನೂರಾರು ಆಂಪ್ ಥ್ರಾಟಲ್ ಕೇಬಲಿನ ಮೂಲಕ ದಾರಿ ಹುಡುಕಿ ಕೇಬಲನ್ನು ಸುಡುತ್ತದೆ.

ಸೈಕ್ಲಿಕ್ ವೈರುಗಳಿಗೆ ಬುಡದ ಹತ್ತಿರ ಸಡಿಲ ಸುತ್ತು ಬಿಡಿ, ಪೈಪಿನ ತೂತಿಗೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ. ಸೈಕ್ಲಿಕ್ ಕಡ್ಡಿಯನ್ನು ನಾಲ್ಕೂ ಮೂಲೆಗೆ ತಳ್ಳಿ ನೋಡಿ. ಕಲೆಕ್ಟಿವ್ ಪೂರ್ತಿ ಕೆಳಗಿದ್ದಾಗ ಒಮ್ಮೆ, ಪೂರ್ತಿ ಮೇಲಿದ್ದಾಗ ಒಮ್ಮೆ. ವೈರ್ ಬಿಗಿಯಲೂ ಬಾರದು, ಯಾವ ಸನ್ನೆಗೂ ಸಿಕ್ಕಿಕೊಳ್ಳಲೂ ಬಾರದು. ಉಳಿದೆಡೆ 24 ಇಂಚಿನೊಳಗೆ ಒಂದು ರಬ್ಬರ್ ಪಟ್ಟಿಯ ಕ್ಲ್ಯಾಂಪ್. ಎರಡರ ನಡುವೆ ಬೆರಳಿನಿಂದ ಒತ್ತಿದರೆ ಅರ್ಧ ಇಂಚಿಗಿಂತ ಹೆಚ್ಚು ಜೋಲಬಾರದು.

ಪರೀಕ್ಷೆಗೆ ಸರ್ಕ್ಯೂಟ್ ಕೂಡಿದೆ ಎಂದು ಸದ್ದು ಮಾಡುವ ಬಜರ್ ಸಾಲದು. ದೀಪ, ಪಂಪು ಆನ್ ಇರುವಾಗಲೇ ಸ್ವಿಚ್ಚಿನ ಎರಡು ಟರ್ಮಿನಲ್ ನಡುವೆ ಮಲ್ಟಿಮೀಟರ್ ಹಿಡಿದು ವೈರನ್ನು ಅಲುಗಿಸಿ. 0.1 ವೋಲ್ಟ್ ದಾಟಿದರೆ ಅಥವಾ ಅಂಕಿ ಕುಣಿದರೆ ಆ ಜೋಡಣೆಯನ್ನು ಕತ್ತರಿಸಿ ಹೊಸದಾಗಿ ಮಾಡಿ. ಬ್ರೇಕರಿನಿಂದ ಉಪಕರಣದವರೆಗಿನ ಒಟ್ಟು ಇಳಿತ 0.5 ವೋಲ್ಟ್ ಮೀರಬಾರದು. ಮ್ಯಾಗ್ನೆಟೊ ವೈರನ್ನು ಅಳೆಯುವಾಗ ಮ್ಯಾಗ್ನೆಟೊ ತುದಿ ಬಿಚ್ಚಿರಲೇಬೇಕು, ಏಕೆಂದರೆ ಒಳಗಿನ ಕಾಯಿಲೇ ಶಾರ್ಟ್‌ನಂತೆ ತೋರುತ್ತದೆ. ಮೊದಲ ಸಲ ಎಂಜಿನ್ ಓಡಿಸಿದಾಗ ಐಡಲ್‌ನಲ್ಲಿ ಒಂದೊಂದೇ ಮ್ಯಾಗ್ನೆಟೊ ಆಫ್ ಮಾಡಿ ನೋಡಿ, ಆರ್‌ಪಿಎಂ ಸ್ವಲ್ಪ ಇಳಿಯಬೇಕು. ಏನೂ ಇಳಿಯದಿದ್ದರೆ ಅದು ಆಫ್ ಆಗುತ್ತಿಲ್ಲ. ಮಿಕ್ಸ್ಚರ್ ಎಳೆದು (ಇಂಧನ ಕಡಿದು) ಎಂಜಿನ್ ನಿಲ್ಲಿಸಿ. ಆ ವೈರ್ ಸರಿಯಾಗುವವರೆಗೆ ಕೂಲಿಂಗ್ ಫ್ಯಾನನ್ನಾಗಲಿ ಬೆಲ್ಟನ್ನಾಗಲಿ ಯಾರೂ ಕೈಯಿಂದ ತಿರುಗಿಸಕೂಡದು, ಕಿಡಿ ಹಾರಿ ಎಂಜಿನ್ ಹಠಾತ್ತನೆ ಚಾಲೂ ಆಗಬಹುದು.