ಐ-485 ಅರ್ಜಿಗಳನ್ನು ನಾನೇ ತುಂಬಿದ್ದು: ನನ್ನ ಅನುಭವ

ಅಮೆರಿಕದಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್ ಕೇಳುವ ಅರ್ಜಿಯೇ ಐ-485. ಗ್ರೀನ್ ಕಾರ್ಡಿನ ಸರದಿ ಎಲ್ಲಿಗೆ ಬಂದಿದೆ ಎಂದು ಅಮೆರಿಕ ಸರ್ಕಾರ ಪ್ರತಿ ತಿಂಗಳು ತಿಳಿಸುವ ವೀಸಾ ಬುಲೆಟಿನ್‌ನ 2020ರ ಅಕ್ಟೋಬರ್ ಸಂಚಿಕೆಯಲ್ಲಿ ಭಾರತೀಯರ ಇಬಿ-3 (ಉದ್ಯೋಗ ಆಧಾರಿತ ಮೂರನೇ ವರ್ಗ) ಫೈಲಿಂಗ್ ದಿನಾಂಕ, ಅಂದರೆ ಅರ್ಜಿ ಹಾಕಬಹುದಾದವರ ಸರದಿಯ ಮಿತಿ, 2015ರ ಜನವರಿಗೆ ಜಿಗಿದಾಗ, ನಮ್ಮ ಮೂವರ ಐ-485 ಅರ್ಜಿಗಳಿಗೆ ವಕೀಲರೊಬ್ಬರು ಕೇಳಿದ ಮೊತ್ತ, ನೆನಪಿರುವ ಮಟ್ಟಿಗೆ, ಆರು ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು. ಸರ್ಕಾರಿ ಶುಲ್ಕ ಬೇರೆ: ದೊಡ್ಡವರಿಗೆ ತಲಾ 1,225, ಜೊತೆಯಲ್ಲೇ ಅರ್ಜಿ ಹಾಕುವ ಹದಿನಾಲ್ಕು ವರ್ಷದೊಳಗಿನ ಮಗುವಿಗೆ 750. ನಾನೇ ತುಂಬುತ್ತೇನೆ ಎಂದಾಗ, ಆರ್‌ಎಫ್‌ಇ (ಇನ್ನಷ್ಟು ದಾಖಲೆ ಕೇಳುವ ಸರ್ಕಾರಿ ಪತ್ರ) ಬಂದ ಮೇಲೆ ಬುದ್ಧಿ ಬರುತ್ತದೆ ಎಂದು ಹೇಳದ ಸ್ನೇಹಿತರೇ ಇರಲಿಲ್ಲ. ಆರ್‌ಎಫ್‌ಇ ಬರಲಿಲ್ಲ, ಮೂರೂ ಗ್ರೀನ್ ಕಾರ್ಡುಗಳು ಬಂದವು.

ನಾನು ಮೊದಲು ಮುಟ್ಟಿದ್ದು ಫಾರ್ಮನ್ನಲ್ಲ. ಒಂದು ಎಕ್ಸೆಲ್ ಹಾಳೆಯಲ್ಲಿ ಪ್ರತಿ ವಿವರಕ್ಕೂ ಒಂದು ಸಾಲು, ಅದರ ಪಕ್ಕದಲ್ಲಿ ಆ ವಿವರ ಯಾವ ದಾಖಲೆಯ ಯಾವ ಪುಟದಿಂದ ಬಂದದ್ದು ಎಂಬುದನ್ನು ಬರೆದುಕೊಂಡೆ. ನೆನಪಿನಿಂದ ಒಂದಕ್ಷರವನ್ನೂ ತುಂಬಲಿಲ್ಲ. ನಮ್ಮ ಪಾಸ್‌ಪೋರ್ಟಿನಲ್ಲಿ ದಿನ ಮೊದಲು, ಅಮೆರಿಕದ ಫಾರ್ಮಿನಲ್ಲಿ ತಿಂಗಳು ಮೊದಲು ಬರುತ್ತದೆ. 23ನೇ ತಾರೀಖನ್ನು ತಿರುವುಮುರುವಾಗಿ ಬರೆದರೆ ತಪ್ಪು ತಾನಾಗಿಯೇ ಕಣ್ಣಿಗೆ ಹೊಡೆಯುತ್ತದೆ, ಆದರೆ 05/06ನ್ನು ಯಾರೂ ಹಿಡಿಯಲಾರರು. ಆದ್ದರಿಂದ ಹಾಳೆಯಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆದೆ.

ಹಣಕ್ಕಿಂತ ಹೆಚ್ಚು ಕಾಡಿದ್ದು ಹೆಸರುಗಳು. ನನ್ನ ಹೆಂಡತಿಯ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತರಣೆ, ಹಳೆಯ ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ತಿಳಿಯದು ಎಂಬುದರ ಸಂಕ್ಷೇಪ). ಇವೆಲ್ಲವನ್ನೂ ಬಳಸಿದ ಇತರ ಹೆಸರುಗಳ ಜಾಗದಲ್ಲಿ, ಅಲ್ಲಿ ಹಿಡಿಸದದ್ದನ್ನು ಕೊನೆಯ ಹೆಚ್ಚುವರಿ ಮಾಹಿತಿ ಪುಟದಲ್ಲಿ ಪುಟ, ಭಾಗ ಮತ್ತು ಪ್ರಶ್ನೆಯ ಸಂಖ್ಯೆ ಸಹಿತ ಕೊಟ್ಟೆ. ಅವಳ ಜನನ ಪ್ರಮಾಣಪತ್ರದಲ್ಲಿ ಅವಳ ಹೆಸರೇ ಇರಲಿಲ್ಲ. ಊರಿನಲ್ಲಿ ಹೆಸರು ಸೇರಿಸಿ ಹೊಸ ಪ್ರತಿ ಪಡೆದು, ಇಬ್ಬರು ಹಿರಿಯ ಬಂಧುಗಳ ಅಫಿಡವಿಟ್ಟನ್ನೂ ಲಗತ್ತಿಸಿದೆ. ಇದಕ್ಕೆ ತಗಲಿದ ಖರ್ಚು ಅಲ್ಪ, ಓಡಾಟ ಮಾತ್ರ ವಿಪರೀತ.

ಬ್ರೌಸರಿನಲ್ಲೇ ಪಿಡಿಎಫ್ ತುಂಬುವ ಪ್ರಯೋಗವನ್ನೂ ಮಾಡಿ ನೋಡಿದೆ: ಉಳಿಸಿ ಮತ್ತೆ ತೆರೆದಾಗ ಕೆಲವು ಖಾನೆಗಳು ಬರಿದಾಗಿದ್ದವು. ಅಕ್ರೊಬ್ಯಾಟ್ ರೀಡರಿಗೇ ಮರಳಿದೆ. ಅನ್ವಯಿಸದ ಖಾನೆಗೆ ಎನ್/ಎ, ಸಂಖ್ಯೆ ಕೇಳಿದ ಕಡೆ ಉತ್ತರ ಶೂನ್ಯವಾದರೆ None ಎಂದು ಬರೆದೆ. ಪ್ರತಿ ಪುಟದ ಅಡಿಯಲ್ಲಿರುವ ಆವೃತ್ತಿಯ ದಿನಾಂಕವನ್ನೂ ತಾಳೆ ನೋಡಿದೆ, ಏಕೆಂದರೆ ವಕೀಲರ ಮೂಲಕ ಹಾಕಿದ ಪರಿಚಿತರೊಬ್ಬರ ಇಡೀ ಕಟ್ಟು, ಒಂದು ಪುಟ ಹಳೆಯ ಆವೃತ್ತಿಯದ್ದೆಂಬ ಕಾರಣಕ್ಕೆ ಚೆಕ್ ಸಮೇತ ವಾಪಸ್ಸಾಗಿತ್ತು. ಮೂರು ಅರ್ಜಿಗಳಿಗೆ ಮೂರು ಬೇರೆ ಚೆಕ್ ಬರೆದೆ. ಕವರಿಂಗ್ ಲೆಟರನ್ನು ಹೇಗೆ ಜೋಡಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬಿಚ್ಚುವುದಿಲ್ಲ. ಅಷ್ಟು ಸ್ವಾರ್ಥ ನನಗಿರಲಿ.

ಆಗ ಐ-485ರ ಶುಲ್ಕದಲ್ಲೇ ಐ-765 (ಕೆಲಸದ ಪರವಾನಗಿ) ಮತ್ತು ಐ-131 (ವಿದೇಶಕ್ಕೆ ಹೋಗಿಬರುವ ಅನುಮತಿ) ಅರ್ಜಿಗಳು ಸೇರಿದ್ದವು. 2024ರ ಏಪ್ರಿಲ್ 1ರಿಂದ ಐ-485ಕ್ಕೆ 1,440, ಮಗುವಿಗೆ 950, ಆ ಎರಡಕ್ಕೆ ಪ್ರತ್ಯೇಕವಾಗಿ 260 ಮತ್ತು 630 ಡಾಲರ್ ಆಗಿದೆ. 2025ರ ಅಕ್ಟೋಬರ್ ಕೊನೆಯಿಂದ ಕಾಗದದ ಚೆಕ್ಕೂ ನಡೆಯುವುದಿಲ್ಲ, ಕಾರ್ಡಿನಿಂದ ಕೊಡಲು ಜಿ-1450 ಅಥವಾ ಬ್ಯಾಂಕ್ ಖಾತೆಯಿಂದ ಕೊಡಲು ಜಿ-1650 ಫಾರ್ಮ್ ತುಂಬಬೇಕು. ಪೌರತ್ವದ ಅರ್ಜಿಯಾದ ಎನ್-400ಕ್ಕೆ ಬೇಕಾದ ಐದು ವರ್ಷಗಳ ವಿದೇಶ ಪ್ರವಾಸದ ಸಾಲುಗಳನ್ನು ಅದೇ ಹಾಳೆಗೆ ಆಗಾಗ ಸೇರಿಸುತ್ತಾ ಬಂದಿದ್ದೇನೆ; ಆ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಿದರೆ ಐವತ್ತು ಡಾಲರ್ ಉಳಿಯುತ್ತದೆ.