ಸ್ವಿಚ್ ಬೋರ್ಡಿನ ಪಕ್ಕದ ಜೇಡ

ಮಳೆಗಾಲದ ಒಂದು ರಾತ್ರಿ ಮುಂಬಯಿಯ ಮುಲುಂಡಿನ ನಮ್ಮ ಮನೆಯಲ್ಲಿ ಕರೆಂಟ್ ಹೋಯಿತು. ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಸ್ವಿಚ್ ಹುಡುಕುತ್ತಿದ್ದೆ. ಬೋರ್ಡಿನ ಪಕ್ಕ ಐವತ್ತು ಪೈಸೆ ನಾಣ್ಯದಷ್ಟು ಅಗಲದ ಒಂದು ಬಿಳಿ ಪೊರೆ ಕಾಣಿಸಿತು. ಧೂಳು ಅಂತ ಅದನ್ನು ಎಷ್ಟು ಸಲ ಒರೆಸಿದ್ದೆನೋ! ಈಗ ನೋಡಿದರೆ ಅದರ ಅಂಚಿನಲ್ಲಿ ಒಣಗಿದ ಇರುವೆಗಳು ನೇತಾಡುತ್ತಿದ್ದವು. ಧೂಳಿಗೆ ಇರುವೆ ಯಾಕೆ ಬೇಕು?

ಅದು ಈಕೋಬಿಯಸ್ ಕುಲದ ಜೇಡದ ಬಲೆ. ಗ್ರೀಕ್ ಮೂಲದ ಈ ಹೆಸರಿಗೆ ಮನೆಯಲ್ಲಿ ಬಾಳುವುದು ಎಂದು ಅರ್ಥ. ಜೇಡ ಎರಡು ಮೂರು ಮಿಲಿಮೀಟರ್, ಅಷ್ಟೇ. ಜಿಗಿಯುವ ಜೇಡಗಳ ಕುಟುಂಬದಲ್ಲಿ 6,000ಕ್ಕೂ ಜಾಸ್ತಿ ಪ್ರಭೇದಗಳಿದ್ದರೆ, ಇವುಗಳ ಕುಟುಂಬದಲ್ಲಿ ನೂರು ಚಿಲ್ಲರೆ. ಮನೆ ಮನೆಯಲ್ಲೂ ಇದ್ದು ಯಾರ ಬಾಯಲ್ಲೂ ಹೆಸರಿಲ್ಲ.

ಫೋಟೋ ತೆಗೆಯಲು ಹೋಗಿ ಮೊದಲ ವಾರ ಸೋತೆ. ಫ್ಲ್ಯಾಶ್ ಹಾಕಿದರೆ ಬಿಳಿ ಗೋಡೆಯ ಮೇಲೆ ಬಿಳಿ ಎಳೆ, ಏನೂ ಕಾಣುತ್ತಿರಲಿಲ್ಲ. ಕೊನೆಗೆ ಕರೆಂಟ್ ಹೋದ ರಾತ್ರಿಯ ಉಪಾಯವನ್ನೇ ಹಿಡಿದೆ. ಟಾರ್ಚನ್ನು ಗೋಡೆಗೆ ತಾಗಿಸಿ ಪಕ್ಕದಿಂದ ಬೆಳಕು ಬಿಟ್ಟಾಗ ಎಳೆಗಳ ನೆರಳು ಎದ್ದು ಬಂತು. ಮೊಬೈಲಿಗೆ ಕ್ಲಿಪ್ ಮಾಡುವ ಮ್ಯಾಕ್ರೋ ಲೆನ್ಸ್ ಹಾಕಿದೆ. ಮೊಣಕೈಯನ್ನು ಗೋಡೆಗೆ ಊರಬೇಕು, ಇಲ್ಲದಿದ್ದರೆ ಉಸಿರಾಡಿದರೂ ಫೋಕಸ್ ತಪ್ಪುತ್ತದೆ.

ಬೇಟೆ ನೋಡಬೇಕೆಂದು ಬಲೆಯಿಂದ ಗೇಣು ದೂರದಲ್ಲಿ ಒಂದು ಹನಿ ಬೆಲ್ಲದ ನೀರು ಹಚ್ಚಿದೆ. ಇರುವೆಗಳ ಸಾಲು ಬಲೆಯ ಪಕ್ಕದಲ್ಲೇ ಹರಿಯತೊಡಗಿತು. ಇದು ಮೋಸ ಅಲ್ವಾ ಅಂತ ಹೆಂಡತಿ ಕೇಳಿದಳು. ಹೌದು, ಸ್ವಲ್ಪ ಮೋಸವೇ.

ಮೂರನೇ ರಾತ್ರಿ ಒಂದು ಇರುವೆ ಬಲೆಯ ಅಂಚಿನ ಎಳೆ ಮುಟ್ಟಿತು. ಪೊರೆಗೂ ಗೋಡೆಗೂ ನಡುವೆ ಕೂತಿದ್ದ ಜೇಡ ಸರ್ರನೆ ಹೊರಗೆ ಬಂತು. ಬಂದದ್ದು ಕಚ್ಚಲು ಅಲ್ಲ. ಹಿಂಭಾಗವನ್ನು ಇರುವೆಯ ಕಡೆ ತಿರುಗಿಸಿಕೊಂಡು ಅದರ ಸುತ್ತ ಗಿರಗಿರನೆ ಓಡಿತು. ಕಣ್ಣಿಗೆ ಬರೀ ಬೂದು ಮಬ್ಬು. ವಿಡಿಯೋವನ್ನು ನಿಧಾನವಾಗಿ ಓಡಿಸಿ ಎಣಿಸಿದೆ: ಒಂದು ಕಡೆಗೆ ಒಂಬತ್ತು ಸುತ್ತು, ಆಮೇಲೆ ತಿರುಗಿ ಆರು ಸುತ್ತು. ಪ್ರತಿ ಸುತ್ತಿಗೂ ಎಳೆ ಬೀಳುತ್ತಿತ್ತು. ಇರುವೆಯ ಆರು ಕಾಲೂ ಗೋಡೆಗೆ ಕಟ್ಟಿಹೋದ ಮೇಲೆಯೇ ಅದು ಹತ್ತಿರ ಹೋಗಿ ಕಚ್ಚಿತು. ತನಗಿಂತ ದೊಡ್ಡ ಇರುವೆಯ ಬಾಯಿಗೆ ಸಿಗದ ಹಾಗೆ ಎಷ್ಟು ಹುಷಾರು ನೋಡಿ! ಜೇಡದ ಹಿಂತುದಿಯಲ್ಲಿ ಕೂದಲಿನ ಕುಚ್ಚೊಂದಿದೆ, ಈ ಕುಟುಂಬದ ಗುರುತೇ ಅದು. ನನ್ನ ಲೆನ್ಸಿಗೆ ಅದು ಗೆರೆಯ ಹಾಗೆ ಮಾತ್ರ ಸಿಕ್ಕಿತು.

ಆ ಜೋಶಿನಲ್ಲಿ ಒಂದು ತಪ್ಪು ಮಾಡಿದೆ. ಜೇಡತಜ್ಞ ಬಿ.ಕೆ. ಟಿಕಾದರ್ 1962ರಲ್ಲಿ ಈ ಕುಲದ ಒಂದು ಪ್ರಭೇದಕ್ಕೆ ಮರಾಠಾ ನಾಡಿನ ನೆನಪು ತರುವ 'ಮರಾಠಾಯಸ್' ಎಂಬ ಹೆಸರಿಟ್ಟಿದ್ದರು. ಇದೂ ಮಹಾರಾಷ್ಟ್ರವೇ ತಾನೇ ಅಂತ ಫೋಟೋ ಕೆಳಗೆ ಆ ಹೆಸರನ್ನೇ ಬರೆದು ಗೆಳೆಯರಿಗೆಲ್ಲ ಕಳಿಸಿದೆ. ಜೇಡಗಳನ್ನು ಓದಿಕೊಂಡ ಒಬ್ಬರು ನಕ್ಕು, ಸೂಕ್ಷ್ಮದರ್ಶಕದಲ್ಲಿ ಜನನಾಂಗ ನೋಡದೆ ಪ್ರಭೇದ ಹೇಳಬೇಡಿ ಅಂದರು. ಈಗ ಈಕೋಬಿಯಸ್ ಅಂತ ಬರೆದು ಸುಮ್ನೆ ಇರುತ್ತೇನೆ.

ಕೆಲಸದವಳು ವಾರಕ್ಕೊಮ್ಮೆ ಕೋಲು ಹಿಡಿದು "ಜಾಳಿ ಕಾಢೂ ಕಾ, ದಾದಾ?" ಅಂತ ಕೇಳುತ್ತಿದ್ದಳು. ಆ ಒಂದು ಮೂಲೆ ಬಿಟ್ಟು ಉಳಿದ ಬಲೆಗಳನ್ನು ತೆಗಿ ಅನ್ನುತ್ತಿದ್ದೆ. ಪೇಂಟರ್ ಮಾತ್ರ ಕೇಳಲಿಲ್ಲ. ದೀಪಾವಳಿಗೆ ಮುಂಚೆ ಒಂದೇ ರೋಲರ್ ಏಟಿಗೆ ಎಲ್ಲ ಹೋಯಿತು.

ಈಗ ಕೆಳಗೆ ಲೆಟರ್ ಬಾಕ್ಸುಗಳ ಹಿಂದಿನ ಗೋಡೆಯಲ್ಲಿ ಮೂರು ಬಲೆಗಳಿವೆ. ರಾತ್ರಿ ಟಾರ್ಚ್ ಹಿಡಿದು ಅಲ್ಲಿ ಬಗ್ಗಿದಾಗ ವಾಚ್‌ಮನ್ ನಾನು ಯಾರದೋ ಕಾಗದ ಕದಿಯುತ್ತಿದ್ದೇನೆ ಅಂದುಕೊಂಡಿದ್ದ. ಒಮ್ಮೆ ವಿಡಿಯೋ ತೋರಿಸಿದೆ. ಮೊನ್ನೆ ಇರುವೆ ಸಿಕ್ಕಿಬಿದ್ದಿದೆ, ಬೇಗ ಬನ್ನಿ ಅಂತ ಅವನೇ ಇಂಟರ್‌ಕಾಮ್ ಮಾಡಿದ: "ಸಾಬ್, ಜಲ್ದಿ ಆವೋ, ಚೀಂಟಿ ಫಸ್ ಗಯೀ!"